ಬೆಂಗಳೂರಿನ ಬಾಲ್ಕನಿಗೆ ಒಗ್ಗುವ ಹೂಜಿಗಿಡಗಳು ಯಾವುವು?

ಪ್ರಶ್ನೆ:
ನಮಸ್ಕಾರ. ನಮ್ಮ ಮನೆಯ ಪೂರ್ವ ದಿಕ್ಕಿನ ಬಾಲ್ಕನಿಯಲ್ಲಿ, ಹೂಜಿಯಾಕಾರದ ಎಲೆಗಳಲ್ಲಿ ಕೀಟಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಹೂಜಿಗಿಡಗಳಲ್ಲೊಂದಾದ ನೆಪೆಂಥಿಸ್ ವೆಂಟ್ರಾಟಾ ಸೊಗಸಾಗಿ ಹಬ್ಬಿ ಹೂಜಿ ಬಿಡುತ್ತಿರುವುದರಿಂದ, ಸಂಗ್ರಹಕ್ಕೆ ಇನ್ನೊಂದೆರಡು ಬಗೆಗಳನ್ನು ಸೇರಿಸಿಕೊಳ್ಳುವ ಆಸೆ ಹುಟ್ಟಿದೆ. ನಮ್ಮ ದೇಶದ್ದೇ ಆದ ಖಾಸಿಯಾನಾ, ಬೋರ್ನಿಯೋದ ರಾಜಾ, ಅಮೆರಿಕದ ಸರಸೇನಿಯಾ ಈ ಮೂರೂ ಮನಸ್ಸಿನಲ್ಲಿವೆ. ಅನುಭವಿಗಳು ತಮಗೆ ಅಚ್ಚುಮೆಚ್ಚಿನ ಬಗೆ ಯಾವುದು, ಏಕೆ ಎಂಬುದನ್ನು ದಯವಿಟ್ಟು ತಿಳಿಸಬೇಕು.

ಉತ್ತರ (ಬೆಂಗಳೂರಿನಿಂದ):
ನನಗೆ ಎಲ್ಲಕ್ಕಿಂತ ಪ್ರಿಯವಾದುದು ಫಿಲಿಪ್ಪೀನ್ಸ್ ಮೂಲದ ನೆಪೆಂಥಿಸ್ ವೆಂಟ್ರಿಕೋಸಾ. ತಮ್ಮಲ್ಲಿರುವ ವೆಂಟ್ರಾಟಾ ಮಿಶ್ರತಳಿಯು ಹುಟ್ಟಿದ್ದೇ ಇದರಿಂದ. ಆದ್ದರಿಂದ ಒಂದು ಒಗ್ಗಿದ ಕಡೆ ಇನ್ನೊಂದೂ ಸಾಮಾನ್ಯವಾಗಿ ಒಗ್ಗುತ್ತದೆ. ನಡು ಸಣ್ಣಗಾಗಿ ಬುಡ ಉಬ್ಬಿದ ಅದರ ಹೂಜಿಯ ಬಾಯಿಗೆ ನುಣುಪಾದ ಕೆಂಪು ಅಂಚಿದೆ. ಮಳೆ ಬಿದ್ದ ಮೇಲೆ ಸ್ವಲ್ಪ ಹೊತ್ತು ಗಮನಿಸಿ ನೋಡಿ: ಒಣಗಿದ್ದಾಗ ಆ ಅಂಚಿನ ಮೇಲೆ ಸಲೀಸಾಗಿ ಓಡಾಡುತ್ತಿದ್ದ ಇರುವೆಗಳು, ಅದು ತೇವಗೊಂಡ ಕೂಡಲೇ ಕಾಲೂರಲಾಗದೆ ಒಳಕ್ಕೆ ಜಾರುತ್ತವೆ.

ರಾಜಾ ಬೇಡವೆಂದೇ ನನ್ನ ಸಲಹೆ. ಬೋರ್ನಿಯೋದಲ್ಲಿರುವ ಮಲೇಷ್ಯಾದ ಸಬಾ ರಾಜ್ಯದ ಕಿನಬಾಲು ಮತ್ತು ತಂಬುಯುಕೋನ್ ಪರ್ವತಗಳಲ್ಲಿ 1500 ಮೀಟರಿಗೂ ಮೇಲೆ ಬೆಳೆಯುವ ಆ ಗಿಡಕ್ಕೆ ರಾತ್ರಿಯ ಚಳಿ ಅತ್ಯಗತ್ಯವಾಗಿದ್ದು, ನಮ್ಮ ಏಪ್ರಿಲ್ ತಿಂಗಳ ರಾತ್ರಿಗಳನ್ನು ಅದು ಸಹಿಸುವುದು ಕಷ್ಟ. ಸರಸೇನಿಯಾಕ್ಕೂ ಮೂರು ನಾಲ್ಕು ತಿಂಗಳ ಚಳಿಗಾಲದ ವಿಶ್ರಾಂತಿ ಬೇಕು.

ಉತ್ತರ (ಶಿವಮೊಗ್ಗದಿಂದ):
ಖಾಸಿಯಾನಾ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಭಾರತದ ಏಕೈಕ ನೆಪೆಂಥಿಸ್ ಆದ ಈ ಮೇಘಾಲಯದ ಸಸ್ಯ ಅಳಿವಿನಂಚಿನಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಬೆಳೆಸುವುದಕ್ಕೂ ಮಾರುವುದಕ್ಕೂ ಪರವಾನಗಿ ಬೇಕಾಗಿದ್ದು, ಪರವಾನಗಿ ಪಡೆದ ಮಾರಾಟಗಾರರಿಂದಲ್ಲದೆ ಕೊಳ್ಳುವಂತಿಲ್ಲ. ಆನ್‌ಲೈನ್‌ನಲ್ಲಿ ಅಗ್ಗವಾಗಿ ಸಿಕ್ಕಿತೆಂದು ತರಿಸಿಕೊಳ್ಳುವ ಬದಲು ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ದಕ್ಷಿಣ ಗಾರೋ ಬೆಟ್ಟಗಳ ಬಾಘಮಾರಾದಲ್ಲಿ ಈ ಗಿಡಕ್ಕೆಂದೇ ಮೀಸಲಾದ ಅಭಯಾರಣ್ಯವಿದೆ. ಅದರ ನೆಲೆಯಲ್ಲೇ ಹೋಗಿ ನೋಡುವುದು ನನಗೆ ಹೆಚ್ಚು ಇಷ್ಟ.

ಉತ್ತರ (ಮಂಗಳೂರಿನಿಂದ):
ಕರಾವಳಿಯ ಸೆಕೆಗೆ ನೆಪೆಂಥಿಸ್‌ನ ಇನ್ನೊಂದು ಬಗೆಯಾದ ಆಂಪುಲೇರಿಯಾದಷ್ಟು ಹೊಂದುವ ಗಿಡ ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ಇದರ ಗುಂಡು ಹೂಜಿಗಳು ನೆಲದ ಮೇಲೆ ಗುಂಪುಗುಂಪಾಗಿ ಬರುತ್ತವೆ. ಮುಚ್ಚಳ ಹಿಂದಕ್ಕೆ ಮಡಿಸಿಕೊಂಡಿರುವುದರಿಂದ ಮೇಲಿನಿಂದ ಉದುರಿದ ತರಗೆಲೆಗಳು ನೇರವಾಗಿ ಒಳಗೆ ಬಿದ್ದು ಕೊಳೆಯುತ್ತವೆ. ಕೀಟಗಳ ಜೊತೆಗೆ ಅದರಿಂದಲೂ ಗಿಡ ಸಾರಜನಕ ಪಡೆಯುತ್ತದೆ. ಬೆಂಗಳೂರಿನಲ್ಲಾದರೆ ಚಳಿಗಾಲಕ್ಕೆ ಗಾಜಿನ ಪೆಟ್ಟಿಗೆಯ ಆಸರೆ ಬೇಕಾದೀತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ವೆಂಟ್ರಿಕೋಸಾವನ್ನೇ ತರುತ್ತೇನೆ. ಬೋರ್‌ವೆಲ್ ನೀರು ಹಾಕಬಹುದೇ?

ಉತ್ತರ (ಬೆಂಗಳೂರಿನಿಂದ):
ಖಂಡಿತ ಬೇಡ. ಅದರ ಲವಣಾಂಶ ಕುಂಡದಲ್ಲಿ ಸೇರುತ್ತಾ ಹೋಗಿ ಬೇರು ಕೆಡುತ್ತದೆ. ಮಳೆನೀರು ಅಥವಾ ಆರ್‌ಒ ನೀರು ಕೊಡಿ. ಕುಂಡಕ್ಕೆ ಮಣ್ಣು, ಗೊಬ್ಬರ ಹಾಕದೆ, ಸ್ಫ್ಯಾಗ್ನಮ್ ಪಾಚಿಯೊಂದಿಗೆ ಪರ್ಲೈಟ್ ಎಂಬ ಹಗುರವಾದ ಬಿಳಿ ಕಲ್ಲಿನ ಹರಳು ಬೆರೆಸಿ ತುಂಬಿದರೆ ಸಾಕು.