ಲಿನಕ್ಸ್ ಮಿಂಟ್‌ನಲ್ಲಿ ಶೇರ್ ಫೋಲ್ಡರ್ ಒಂದು ದಿನ ಸಿಗುತ್ತದೆ, ಒಂದು ದಿನ ಇಲ್ಲ. ನಿಮ್ಮ ಅನುಭವ ಹೇಳಿ

ಕೇಳಿದವರು, ಉಡುಪಿ:

ಎಲ್ಲರಿಗೂ ನಮಸ್ಕಾರ. ಕಲ್ಸಂಕದ ಹತ್ತಿರ ನಮ್ಮದು ಸಣ್ಣ ಡಿಟಿಪಿ ಅಂಗಡಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಸಪೋರ್ಟ್ ನಿಂತಿತಲ್ವಾ, ನಮ್ಮ ಎರಡು ಹಳೇ ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಆಗುವುದಿಲ್ಲ ಎಂದು ಲಿನಕ್ಸ್ ಮಿಂಟ್ ಹಾಕಿಸಿದೆವು. ಕೆಲಸದ ಫೈಲುಗಳೆಲ್ಲ ಒಂದು ವಿಂಡೋಸ್ 11 ಕಂಪ್ಯೂಟರಿನ ಶೇರ್ ಫೋಲ್ಡರಿನಲ್ಲಿವೆ. ಮೊದಲು ಸರಿ ಇತ್ತು. ಮಳೆ ಶುರುವಾದ ಮೇಲೆ ಒಂದು ದಿನ ಸಿಗುತ್ತದೆ, ಇನ್ನೊಂದು ದಿನ ಸಿಗುವುದಿಲ್ಲ. ಫೈಲ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಒತ್ತಿದರೆ ಖಾಲಿ. ಹಳೇ ನ್ಯಾಸ್ ಡಬ್ಬ (ನೆಟ್‌ವರ್ಕಿಗೆ ಜೋಡಿಸಿ ಎಲ್ಲರೂ ಫೈಲ್ ಇಡುವ ಡಿಸ್ಕ್) ಒಂದು ಉಂಟು, ಅದಂತೂ ಲಿನಕ್ಸ್‌ಗೆ ಒಮ್ಮೆಯೂ ಸಿಕ್ಕಿಲ್ಲ. ಎಸ್‌ಎಂಬಿ 1 (ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚುವ ಪದ್ಧತಿಯ ಹಳೇ ಆವೃತ್ತಿ) ಆನ್ ಮಾಡಿದರೆ ಎಲ್ಲ ಸರಿಯಾಗುತ್ತದೆ ಎಂದು ಒಬ್ಬರು ಹೇಳಿದರು. ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?

ಕದ್ರಿಯಿಂದ ಒಬ್ಬರು:

ಮೊದಲು ಎಸ್‌ಎಂಬಿ 1ರ ಮಾತು. ದಯವಿಟ್ಟು ಆನ್ ಮಾಡಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಜಗತ್ತಿಡೀ ಹರಡಿದ್ದು ವಿಂಡೋಸ್‌ನ ಈ ಹಳೇ ಎಸ್‌ಎಂಬಿ 1ರಲ್ಲಿದ್ದ ತೂತಿನ ಮೂಲಕ. ಅದೇ ವರ್ಷ ಲಿನಕ್ಸ್ ಕರ್ನೆಲ್ (ಲಿನಕ್ಸಿನ ತಿರುಳು) 4.13ರಿಂದ ಮೌಂಟ್ ಮಾಡುವಾಗ (ದೂರದ ಫೋಲ್ಡರನ್ನು ನಮ್ಮ ಕಂಪ್ಯೂಟರಿಗೆ ಜೋಡಿಸುವಾಗ) ತಾನಾಗಿ ಎಸ್‌ಎಂಬಿ 1 ಹಿಡಿಯುವ ಪದ್ಧತಿ ನಿಂತಿತು. ಲಿನಕ್ಸ್‌ನಲ್ಲಿ ಎಸ್‌ಎಂಬಿ ಪದ್ಧತಿಯಿಂದ ಫೋಲ್ಡರ್ ಹಂಚುವ ಸಾಂಬಾ ಸಾಫ್ಟ್‌ವೇರಿನ 2019ರ 4.11 ಆವೃತ್ತಿ ಕೂಡ ಅದನ್ನು ಆಫ್ ಮಾಡಿಯೇ ಬಂತು. ಎಲ್ಲರೂ ಮುಚ್ಚಿದ ಬಾಗಿಲನ್ನು ಗಿರಾಕಿಗಳ ಫೈಲು ಇರುವ ಕಂಪ್ಯೂಟರಿನಲ್ಲಿ ತೆರೆಯುವುದು ಬೇಡ. ಅಲ್ಲದೆ ನಿಮ್ಮ ವಿಂಡೋಸ್ 11 ಒಂದು ದಿನವಾದರೂ ಸಿಗುತ್ತದೆ ಅಂದರೆ ಅಲ್ಲಿ ಆವೃತ್ತಿಯ ತಕರಾರೇ ಇಲ್ಲ.

ನೆಟ್‌ವರ್ಕ್ ಒತ್ತಿದಾಗ ಖಾಲಿ ಕಾಣುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹೆಸರುಗಳ ಆ ಪಟ್ಟಿ ಬರುವುದು ಬೇರೆ ವ್ಯವಸ್ಥೆಯಿಂದ, ಫೋಲ್ಡರ್ ತೆರೆಯುವುದು ಬೇರೆ ವ್ಯವಸ್ಥೆಯಿಂದ. ಪಟ್ಟಿ ಖಾಲಿ ಇದ್ದರೂ ಫೋಲ್ಡರ್ ಸಿಗಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಕೊಡಿ. ಐಪಿವಿ4 ಎಂದಿರುವ ನಂಬರ್, ಅಂದರೆ ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರಿನ ವಿಳಾಸ, ಬರೆದುಕೊಳ್ಳಿ. ಮಿಂಟ್‌ನ ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಮತ್ತು ಎಲ್ ಒತ್ತಿದರೆ ಮೇಲೆ ವಿಳಾಸ ಬರೆಯುವ ಜಾಗ ಬರುತ್ತದೆ. ಅಲ್ಲಿ ಎಸ್‌ಎಂಬಿ, ಕೋಲನ್, ಎರಡು ಸ್ಲ್ಯಾಶ್, ಆಮೇಲೆ ಆ ಐಪಿ ನಂಬರ್ ಹಾಕಿ ಎಂಟರ್ ಕೊಡಿ. ಹೀಗೆ ತೆರೆದರೆ ನಿಮ್ಮ ತೊಂದರೆ ಬರೀ ಹೆಸರಿನದು ಅಥವಾ ಬದಲಾದ ಐಪಿಯದು.

ಮಳೆಗಾಲದಲ್ಲಿ ನಾನು ಜಾಸ್ತಿ ನೋಡಿದ್ದು ಇದನ್ನೇ. ಕಂಪ್ಯೂಟರಿಗೆ ಯುಪಿಎಸ್ ಇರುತ್ತದೆ, ಗೋಡೆ ಮೇಲಿನ ರೂಟರಿಗೆ ಇರುವುದಿಲ್ಲ. ಕರೆಂಟ್ ಹೋಗಿ ಬಂದಾಗ ರೂಟರ್ ಹೊಸದಾಗಿ ಎದ್ದು ಐಪಿ ಹಂಚಲು ಶುರು ಮಾಡುತ್ತದೆ. ನಿನ್ನೆ 192.168.1.5 ಇದ್ದ ಕಂಪ್ಯೂಟರ್ ಇವತ್ತು 192.168.1.8 ಆಗಿರುತ್ತದೆ. ಲಿನಕ್ಸ್‌ನಲ್ಲಿ ನೀವು ಉಳಿಸಿಟ್ಟ ಬುಕ್‌ಮಾರ್ಕ್ ಮಾತ್ರ ಇನ್ನೂ 5ನ್ನೇ ಹುಡುಕುತ್ತಿರುತ್ತದೆ. ರೂಟರಿನ ಸೆಟ್ಟಿಂಗ್ ಪುಟಕ್ಕೆ ಹೋಗಿ, ಡಿಎಚ್‌ಸಿಪಿ ರಿಸರ್ವೇಶನ್ ಅಥವಾ ಅಡ್ರೆಸ್ ರಿಸರ್ವೇಶನ್ ಎಂದಿರುವಲ್ಲಿ ಆ ವಿಂಡೋಸ್ ಕಂಪ್ಯೂಟರಿಗೆ ಒಂದು ನಂಬರ್ ಕಾಯಂ ಮಾಡಿ. ನ್ಯಾಸ್‌ಗೂ ಮಾಡಿ. ರೂಟರಿಗೂ ಸ್ವಿಚ್ಚಿಗೂ ಸಣ್ಣದೊಂದು ಯುಪಿಎಸ್ ಹಾಕಿಸಿ, ನಮ್ಮ ಊರಿನ ಸಿಡಿಲಿಗೆ ಅದು ದುಡ್ಡು ಕೊಟ್ಟು ಮಾಡಿಸಬೇಕಾದ ಕೆಲಸವೇ.

ಐಪಿ ಸರಿ ಇದ್ದೂ ತೆರೆಯದಿದ್ದರೆ ವಿಂಡೋಸ್ ಕಡೆ ನೋಡಿ. ಇತ್ತೀಚೆಗೆ ರೂಟರ್ ಬದಲಾಯಿಸಿದ್ದೀರಾ? ಹೊಸ ರೂಟರ್ ಕಂಡಾಗ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದು ತಿಳಿದು ಪಬ್ಲಿಕ್ ಗುಂಪಿಗೆ ಹಾಕಿಬಿಡುತ್ತದೆ. ಆಗ ಫೈರ್‌ವಾಲ್ 445ನೇ ಪೋರ್ಟನ್ನು ಮುಚ್ಚುತ್ತದೆ. ಶೇರ್ ಫೋಲ್ಡರ್ ಬರುವುದು ಅದೇ ಪೋರ್ಟಿನ ಮೂಲಕ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಆ ಕನೆಕ್ಷನ್ನನ್ನು ಪ್ರೈವೇಟ್ ಮಾಡಿ, ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಆನ್ ಇದೆಯಾ ನೋಡಿ. ಒಂದು ಮಾತು ನೆನಪಿರಲಿ: ಪಿಂಗ್‌ಗೆ ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಕಂಪ್ಯೂಟರ್ ಇಲ್ಲ ಎಂದಲ್ಲ, ಅದೇ ಫೈರ್‌ವಾಲ್ ಪಿಂಗನ್ನೂ ತಡೆಯುತ್ತದೆ. ಹಾಗೆಯೇ ಆ ಕಂಪ್ಯೂಟರ್ ಸ್ವಲ್ಪ ಹೊತ್ತಿಗೆ ಸ್ಲೀಪ್‌ಗೆ ಹೋಗುವಂತೆ ಇದ್ದರೆ ಅದನ್ನೂ ತೆಗೆಯಿರಿ. ಮಧ್ಯಾಹ್ನ ಊಟ ಮಾಡಿ ಬರುವಾಗ ಫೋಲ್ಡರ್ ಹೋಗಿದೆ ಎನ್ನುವವರಲ್ಲಿ ಎಷ್ಟೋ ಜನರಿಗೆ ಇದೇ ಕಾರಣ.

ಸುರತ್ಕಲ್‌ನಿಂದ ಒಬ್ಬರು:

ಸೆಟ್ಟಿಂಗ್‌ಗೆ ಹೋಗುವ ಮೊದಲು ಕೇಬಲ್ ನೋಡಿ ಮಾರಾಯ್ರೇ. ಒಂದು ಅಂಗಡಿಯಲ್ಲಿ ಸಣ್ಣ ಫೈಲ್ ತೆರೆಯುತ್ತಿತ್ತು, ದೊಡ್ಡ ಫೋಟೊ ಕಾಪಿ ಮಾಡಿದರೆ ಅರ್ಧಕ್ಕೆ ನಿಲ್ಲುತ್ತಿತ್ತು. ಎಲ್ಲರೂ ಲಿನಕ್ಸನ್ನು ಬೈಯುತ್ತಿದ್ದರು. ಕಿಟಕಿ ಪಕ್ಕದ ಸ್ವಿಚ್ಚಿನಿಂದ ಕೇಬಲ್ ಎಳೆದು ಟಾರ್ಚ್ ಹಾಕಿ ನೋಡಿದರೆ, ಕನೆಕ್ಟರಿನ ಎಂಟು ಪಿನ್ನುಗಳಲ್ಲಿ ಎರಡಕ್ಕೆ ಹಸಿರು ಕಿಲುಬು. ನಮ್ಮ ಕಡಲ ಗಾಳಿ, ಮೇಲಿಂದ ಆಟಿ ತಿಂಗಳ ತಂಡಿ. ಕನೆಕ್ಟರ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿದೆ, ಅಷ್ಟೇ.

ಟರ್ಮಿನಲ್‌ನಲ್ಲಿ ಈಥ್‌ಟೂಲ್ (ethtool) ಕಮಾಂಡಿಗೆ ನೆಟ್‌ವರ್ಕ್ ಕಾರ್ಡಿನ ಹೆಸರು ಕೊಟ್ಟರೆ ಸ್ಪೀಡ್ ತೋರಿಸುತ್ತದೆ. ಗಿಗಾಬಿಟ್ ಕಾರ್ಡು, ಗಿಗಾಬಿಟ್ ಸ್ವಿಚ್ ಇದ್ದೂ 1000ದ ಬದಲು 100 ಎಂದು ಬಂದರೆ ತಂತಿ ಅಥವಾ ಪೋರ್ಟ್ ಕೆಟ್ಟಿದೆ. 100ಕ್ಕೆ ಎರಡು ಜೋಡಿ ತಂತಿ ಸಾಕು, 1000ಕ್ಕೆ ನಾಲ್ಕೂ ಜೋಡಿ ಬೇಕು.

ಇನ್ನೊಂದು. ಒಳಗಿನ ಕೋಣೆಗೆ ವೈಫೈ ಬರಲಿ ಎಂದು ಎರಡನೇ ರೂಟರ್ ಹಾಕಿದ್ದರೆ, ಮೊದಲನೆಯದರಿಂದ ಬಂದ ಕೇಬಲ್ ಅದರ ವ್ಯಾನ್ (ಇಂಟರ್‌ನೆಟ್) ಪೋರ್ಟಿಗೆ ಹೋಗಿದೆಯಾ ನೋಡಿ. ಹೋಗಿದ್ದರೆ ಅಂಗಡಿಯಲ್ಲಿ ಎರಡು ಬೇರೆ ನೆಟ್‌ವರ್ಕ್ ಆಗಿರುತ್ತದೆ. ಇಂಟರ್‌ನೆಟ್ ಎಲ್ಲರಿಗೂ ಬರುತ್ತದೆ, ಫೋಲ್ಡರ್ ಮಾತ್ರ ಕೆಲವರಿಗೆ ಸಿಗುವುದಿಲ್ಲ. ಗೆಸ್ಟ್ ವೈಫೈಯಲ್ಲಿ ಕೂತವರಿಗೂ ಸಿಗುವುದಿಲ್ಲ.

ಕೇಳಿದವರು, ಉಡುಪಿ:

ತುಂಬಾ ಉಪಕಾರವಾಯಿತು. ಐಪಿ ಬದಲಾಗಿದ್ದು ಹೌದು. ರೂಟರಿನಲ್ಲಿ ಕಾಯಂ ಮಾಡಿದೆ, ಫೈಲ್ ಮ್ಯಾನೇಜರಿನಿಂದ ಶೇರ್‌ಗಳ ಹೆಸರು ಕಾಣುತ್ತಿದೆ. ಆದರೆ ಒಳಗೆ ಹೋಗುವಾಗ ಪಾಸ್‌ವರ್ಡ್ ಕೇಳುತ್ತಲೇ ಇರುತ್ತದೆ. ನಾವು ದಿನಾ ಹಾಕುವ ಪಿನ್ ನಂಬರನ್ನೇ ಕೊಡುತ್ತಿದ್ದೇನೆ. ಟರ್ಮಿನಲ್‌ನಿಂದ ಮೌಂಟ್ ಮಾಡಿದರೆ ಎರರ್ 13. ನ್ಯಾಸ್‌ಗೆ ಎರರ್ 112, ಹೋಸ್ಟ್ ಈಸ್ ಡೌನ್ ಎನ್ನುತ್ತದೆ. ಡಬ್ಬ ಆನ್ ಇದೆ, ದೀಪ ಉರಿಯುತ್ತಿದೆ!

ಕದ್ರಿಯಿಂದ:

ಒಳ್ಳೆಯದಾಯಿತು, ನಂಬರ್ ಹೇಳಿದ್ದರಿಂದ ಅರ್ಧ ದಾರಿ ಮುಗಿಯಿತು. ಮೌಂಟ್ ಆಗದಿದ್ದಾಗ ಬರುವ ಆ ನಂಬರನ್ನು ಯಾರೂ ಓದುವುದಿಲ್ಲ. ಎಲ್ಲ ಇರುವುದು ಅಲ್ಲೇ.

13 ಅಂದರೆ ನೀವು ಬಾಗಿಲವರೆಗೆ ತಲುಪಿದ್ದೀರಿ, ಒಳಗೆ ಬಿಡುತ್ತಿಲ್ಲ. ಕೇಬಲ್, ಐಪಿ, ಫೈರ್‌ವಾಲ್ ಎಲ್ಲ ಸರಿ ಇವೆ. ಪಿನ್ ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕಿನಿಂದ ಬಂದವರಿಗೆ ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗುವವರಾದರೆ ಆ ಅಕೌಂಟಿನ ಪೂರ್ತಿ ಪಾಸ್‌ವರ್ಡ್ ಬೇಕು. ನನ್ನ ಸಲಹೆ: ವಿಂಡೋಸ್‌ನಲ್ಲಿ ಶೇರ್ ಎಂಬ ಹೆಸರಲ್ಲಿ ಬೇರೆಯೇ ಒಂದು ಲೋಕಲ್ ಯೂಸರ್ ಮಾಡಿ, ಪಾಸ್‌ವರ್ಡ್ ಕೊಡಿ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಮತ್ತು ಸೆಕ್ಯುರಿಟಿ ಎರಡೂ ಕಡೆ ಆ ಯೂಸರಿಗೆ ಅನುಮತಿ ಕೊಡಿ. ಒಂದು ಕಡೆ ಮಾತ್ರ ಕೊಟ್ಟು ಇನ್ನೊಂದನ್ನು ಬಿಡುವವರು ಜಾಸ್ತಿ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ.

ಪಾಸ್‌ವರ್ಡನ್ನು ಮೌಂಟ್ ಕಮಾಂಡಿನ ಒಳಗೇ ಬರೆಯಬೇಡಿ. ಅದರಲ್ಲಿ ಕಾಮಾ ಇದ್ದರೆ ಅಲ್ಲಿಗೇ ತುಂಡಾಗುತ್ತದೆ, ಏಕೆಂದರೆ ಆಪ್ಷನ್‌ಗಳನ್ನು ಬೇರ್ಪಡಿಸುವುದೇ ಕಾಮಾ. ಒಂದು ಸಣ್ಣ ಫೈಲಿನಲ್ಲಿ username=ಹೆಸರು ಎಂದು ಒಂದು ಸಾಲು, password=ಪಾಸ್‌ವರ್ಡ್ ಎಂದು ಒಂದು ಸಾಲು ಬರೆದು, ಕ್ರೆಡೆನ್ಶಿಯಲ್ಸ್ ಆಪ್ಷನ್‌ಗೆ ಆ ಫೈಲಿನ ದಾರಿ ಕೊಡಿ. ಫೈಲಿನ ಪರ್ಮಿಷನ್ 600 ಮಾಡಿ, ಅಂದರೆ ಅದರ ಒಡೆಯರು ಮಾತ್ರ ಓದಿ ಬರೆಯುವಂತೆ. ಸಮ ಚಿಹ್ನೆಯ ಆಚೀಚೆ ಖಾಲಿ ಜಾಗ ಬಿಡಬೇಡಿ.

ಆಮೇಲೂ 13 ಬಂದರೆ ಟರ್ಮಿನಲ್‌ನಲ್ಲಿ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ನಡೆಸುವುದು) ಜೊತೆ ಡಿಮೆಸೇಜ್ (dmesg) ಕೊಟ್ಟು ಕೊನೆಯ ಸಾಲುಗಳನ್ನು ಓದಿ. ಲಾಗಾನ್ ಫೇಲ್ಯೂರ್ ಎಂದಿದ್ದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಆ್ಯಕ್ಸೆಸ್ ಡಿನೈಡ್ ಎಂದಿದ್ದರೆ ಪಾಸ್‌ವರ್ಡ್ ಸರಿ, ಫೋಲ್ಡರಿನ ಅನುಮತಿ ಇಲ್ಲ.

112 ಎಷ್ಟೋ ಜನರನ್ನು ದಾರಿ ತಪ್ಪಿಸುತ್ತದೆ. ಡಬ್ಬ ಸತ್ತಿದೆ ಎಂದು ಹೇಳಿದರೂ, ಹಳೇ ನ್ಯಾಸ್‌ಗಳಲ್ಲಿ ಅದರ ಅರ್ಥ ಹೆಚ್ಚಾಗಿ ಬೇರೆ. ಅದಕ್ಕೆ ಬರುವುದು ಎಸ್‌ಎಂಬಿ 1 ಮಾತ್ರ, ನಿಮ್ಮ ಮಿಂಟ್ ಕೇಳುವುದು 2.1 ಅಥವಾ ಅದಕ್ಕಿಂತ ಮೇಲಿನದು. ಇಬ್ಬರಿಗೂ ಗೊತ್ತಿರುವ ಭಾಷೆ ಇಲ್ಲ. ಮೊದಲು ನ್ಯಾಸ್‌ನ ಸೆಟ್ಟಿಂಗ್ ಪುಟದಲ್ಲಿ ಎಸ್‌ಎಂಬಿ 2 ಆಯ್ಕೆ ಆಫ್ ಆಗಿ ಕೂತಿದೆಯಾ ನೋಡಿ, ಫರ್ಮ್‌ವೇರ್ ಅಪ್‌ಡೇಟ್ ಇದ್ದರೆ ಹಾಕಿ. ಎರಡೂ ಇಲ್ಲದಿದ್ದರೆ, ಒಂದೇ ಒಂದು ಮಿಂಟ್ ಕಂಪ್ಯೂಟರಿನಿಂದ ವರ್ಸ್ (vers) ಆಪ್ಷನ್‌ಗೆ 1.0 ಕೊಟ್ಟು ಮೌಂಟ್ ಮಾಡಿ, ಫೈಲುಗಳನ್ನೆಲ್ಲ ಹೊರಗೆ ತೆಗೆದುಕೊಳ್ಳಿ. ಆಮೇಲೆ ಆ ಡಬ್ಬವನ್ನು ನೆಟ್‌ವರ್ಕಿನಿಂದ ತೆಗೆದುಬಿಡಿ. ಒಂದು ಡಬ್ಬಕ್ಕಾಗಿ ಅಂಗಡಿಯ ಎಲ್ಲ ಕಂಪ್ಯೂಟರಿನಲ್ಲಿ ಹಳೇ ಆವೃತ್ತಿ ತೆರೆದಿಡುವುದನ್ನು ನಾನು ಒಪ್ಪುವುದಿಲ್ಲ.

ಬೇರೆಯವರಿಗೂ ಉಪಯೋಗ ಆಗಲಿ ಎಂದು ಹೇಳುತ್ತೇನೆ. ಎರರ್ 2 ಅಂದರೆ ಶೇರ್‌ನ ಹೆಸರು ತಪ್ಪು. ಫೋಲ್ಡರಿನ ಹೆಸರು ಒಂದಿದ್ದು ಶೇರ್ ಮಾಡುವಾಗ ಕೊಟ್ಟ ಹೆಸರು ಇನ್ನೊಂದು ಇರಬಹುದು. 115 ಬಂದು ತುಂಬಾ ಹೊತ್ತು ಕಾಯಿಸಿದರೆ ಫೈರ್‌ವಾಲ್. 113 ಅಂದರೆ ದಾರಿಯೇ ಇಲ್ಲ, ಐಪಿ ಅಥವಾ ಕೇಬಲ್ ನೋಡಿ. ನಂಬರೇ ಬಾರದೆ ರಾಂಗ್ ಎಫ್‌ಎಸ್ ಟೈಪ್ ಎಂದು ಉದ್ದದ ಸಾಲು ಬಂದರೆ ಸಿಫ್ಸ್ ಯುಟಿಲ್ಸ್ (cifs-utils) ಪ್ಯಾಕೇಜ್ ಹಾಕಿಲ್ಲ ಎಂದು ಲೆಕ್ಕ.

ಮಣಿಪಾಲದಿಂದ ಒಬ್ಬರು:

ಪಾಸ್‌ವರ್ಡ್ ಸರಿಯಾದ ಮೇಲೆ ನಿಮ್ಮ ಮುಂದಿನ ಪ್ರಶ್ನೆ ಏನೆಂದು ಗೊತ್ತು: ಫೋಲ್ಡರ್ ತೆರೆಯುತ್ತದೆ, ಫೈಲ್ ಸೇವ್ ಆಗುವುದಿಲ್ಲ. ಸುಡೋ ಹಾಕಿ ಮೌಂಟ್ ಮಾಡಿದಾಗ ಎಲ್ಲ ಫೈಲುಗಳ ಒಡೆತನ ರೂಟ್‌ಗೆ (ಲಿನಕ್ಸಿನ ಮುಖ್ಯ ಅಡ್ಮಿನ್ ಯೂಸರಿಗೆ) ಹೋಗಿರುತ್ತದೆ. ಆಪ್ಷನ್‌ಗಳಲ್ಲಿ ಯುಐಡಿ 1000, ಜಿಐಡಿ 1000 ಎಂದು ಸೇರಿಸಿ. ಮಿಂಟ್‌ನಲ್ಲಿ ಮೊದಲು ಮಾಡಿದ ಯೂಸರಿನ ನಂಬರ್ ಅದು. ಬೇರೆ ಯೂಸರ್ ಆದರೆ ಐಡಿ ಎಂಬ ಕಮಾಂಡ್ ಕೊಟ್ಟು ನೋಡಿಕೊಳ್ಳಿ.

ದಿನಾ ಬೆಳಿಗ್ಗೆ ತಾನಾಗಿ ಸಿಗಲು ಎಫ್‌ಎಸ್‌ಟ್ಯಾಬ್ (ಏನೇನು ಮೌಂಟ್ ಆಗಬೇಕೆಂಬ ಪಟ್ಟಿ) ಫೈಲಿನಲ್ಲಿ ಸಾಲು ಬರೆಯುತ್ತೇವಲ್ವಾ, ಅಲ್ಲಿ ನೋಫೇಲ್ (nofail) ಸೇರಿಸಲೇಬೇಕು. ಇಲ್ಲದಿದ್ದರೆ ವಿಂಡೋಸ್ ಕಂಪ್ಯೂಟರ್ ಆನ್ ಆಗುವ ಮೊದಲು ಮಿಂಟ್ ಆನ್ ಮಾಡಿದ ದಿನ ಬೂಟ್ ಸುಮ್ನೆ ಕಾಯುತ್ತಾ ನಿಲ್ಲುತ್ತದೆ. ಇದಕ್ಕಿಂತ ಒಳ್ಳೆಯದು ಸಿಸ್ಟಮ್‌ಡಿಯ ಆಟೋಮೌಂಟ್ (x-systemd.automount) ಆಪ್ಷನ್. ಬೂಟ್ ಆಗುವಾಗ ಅದು ಫೋಲ್ಡರನ್ನು ಮುಟ್ಟುವುದೇ ಇಲ್ಲ, ನೀವು ಒಳಗೆ ಹೋದ ಕ್ಷಣದಲ್ಲಿ ಮೌಂಟ್ ಮಾಡುತ್ತದೆ. ವೈಫೈ ಕಂಪ್ಯೂಟರಿಗೆ ಇದು ಬೇಕೇ ಬೇಕು. ಎಷ್ಟೋ ಕಡೆ ವೈಫೈ ಪಾಸ್‌ವರ್ಡ್ ಯೂಸರಿನ ಹತ್ತಿರ ಇರುವುದರಿಂದ ಲಾಗಿನ್ ಆಗುವವರೆಗೆ ಕನೆಕ್ಟೇ ಆಗಿರುವುದಿಲ್ಲ. ಶೇರ್‌ನ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಈ ಫೈಲಿನಲ್ಲಿ ಅದರ ಬದಲು ಬ್ಯಾಕ್‌ಸ್ಲ್ಯಾಶ್ ಹಾಕಿ 040 ಬರೆಯಬೇಕು.

ಮುಂದೆ ಮಿಂಟ್ ಕಂಪ್ಯೂಟರಿನಿಂದಲೇ ಫೋಲ್ಡರ್ ಹಂಚುವುದಾದರೆ ಎರಡು ವಿಷಯ. ಸಾಂಬಾದ ಪಾಸ್‌ವರ್ಡ್ ಬೇರೆ, ಲಿನಕ್ಸ್ ಲಾಗಿನ್ ಪಾಸ್‌ವರ್ಡ್ ಬೇರೆ. ಎಸ್‌ಎಂಬಿಪಾಸ್‌ವರ್ಡ್ (smbpasswd) ಕಮಾಂಡಿನಿಂದ ಯೂಸರನ್ನು ಸೇರಿಸದಿದ್ದರೆ ಯಾರಿಗೂ ಪ್ರವೇಶ ಇಲ್ಲ. ಎರಡನೆಯದು, ಮಿಂಟ್‌ಗೆ ತಳಪಾಯವಾದ ಉಬುಂಟುವಿನಲ್ಲಿ 21.04ರಿಂದ ಹೋಮ್ ಫೋಲ್ಡರಿನ ಪರ್ಮಿಷನ್ 750 ಆಗಿದೆ, ಅಂದರೆ ಹೊರಗಿನವರಿಗೆ ಪ್ರವೇಶ ಇಲ್ಲ. ಹೋಮ್ ಒಳಗಿನ ಫೋಲ್ಡರನ್ನು ಹಂಚಿದರೆ ಬೇರೆ ಯೂಸರಿಗೆ ಅಲ್ಲಿಯವರೆಗೆ ನಡೆದು ಬರಲು ದಾರಿಯೇ ಇರುವುದಿಲ್ಲ. ಸಿಟ್ಟು ಬಂದು 777 (ಎಲ್ಲರಿಗೂ ಎಲ್ಲ ಅನುಮತಿ) ಕೊಡುವವರು ಇದ್ದಾರೆ. ಬೇಡ. ಎಸ್‌ಆರ್‌ವಿ (/srv) ಫೋಲ್ಡರಿನ ಒಳಗೆ ಹೊಸ ಫೋಲ್ಡರ್ ಮಾಡಿ, ಒಂದು ಗ್ರೂಪಿಗೆ ಅನುಮತಿ ಕೊಟ್ಟು ಹಂಚಿ. ಫೈರ್‌ವಾಲ್ ಆನ್ ಇದ್ದರೆ ಯುಎಫ್‌ಡಬ್ಲ್ಯೂನಲ್ಲಿ (ಮಿಂಟ್‌ನ ಫೈರ್‌ವಾಲ್) ಸಾಂಬಾಕ್ಕೆ ಅನುಮತಿ ಕೊಡುವುದನ್ನು ಮರೆಯಬೇಡಿ.

ಎರಡು ಮಿಂಟ್‌ಗಳ ನಡುವೆ ಮಾತ್ರ ಹಂಚುವುದಾದರೆ ಎನ್‌ಎಫ್‌ಎಸ್ ಎಂಬ ಇನ್ನೊಂದು ಹಂಚುವ ಪದ್ಧತಿ ಕೂಡ ಆಗುತ್ತದೆ. ಸನ್ ಮೈಕ್ರೋಸಿಸ್ಟಮ್ಸ್‌ನವರು 1984ರಲ್ಲಿ ತಂದದ್ದು, ಈಗಲೂ ಗಟ್ಟಿ. ಆದರೆ ಸಾಮಾನ್ಯ ಸೆಟಪ್‌ನಲ್ಲಿ ಅದು ಹೆಸರು, ಪಾಸ್‌ವರ್ಡ್ ನೋಡುವುದಿಲ್ಲ, ಯೂಸರ್ ನಂಬರ್ ನೋಡುತ್ತದೆ. ಇಲ್ಲಿ 1000 ಇದ್ದವರು ಅಲ್ಲಿ 1001 ಆಗಿದ್ದರೆ ಬೇರೆಯವರೆಂದೇ ಲೆಕ್ಕ. ಅಲ್ಲದೆ ಸರ್ವರ್ ಆಫ್ ಆದರೆ ಎನ್‌ಎಫ್‌ಎಸ್ ಕಾಯುತ್ತಲೇ ಇರುತ್ತದೆ, ಫೈಲ್ ಮ್ಯಾನೇಜರ್ ಕೂಡ ಕಲ್ಲಾಗುತ್ತದೆ. ಕರೆಂಟಿನ ಭರವಸೆ ಇಲ್ಲದ ಸಣ್ಣ ಅಂಗಡಿಗೆ ಸಾಂಬಾವೇ ಸಾಕು ಎಂಬುದು ನನ್ನ ಅಭಿಪ್ರಾಯ.

ಕುಂದಾಪುರದಿಂದ ಒಬ್ಬರು:

ಡಿಟಿಪಿಯವರಿಗೆ ಬೇಕಾದ್ದನ್ನು ಯಾರೂ ಹೇಳಿಲ್ಲ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು ಮೌಂಟ್ ಮಾಡಿದ ಮೇಲೆ ಬರೀ ಪ್ರಶ್ನೆ ಚಿಹ್ನೆಗಳಾಗಿ ಕಂಡರೆ, ಮೌಂಟ್‌ನ ಐಒಚಾರ್‌ಸೆಟ್ (iocharset) ಆಪ್ಷನ್‌ಗೆ ಯುಟಿಎಫ್8 (utf8) ಕೊಡಿ. ಫೈಲಿಗೆ ಏನೂ ಆಗಿರುವುದಿಲ್ಲ. ಹೆಸರು ಸರಿ ಮಾಡುತ್ತೇನೆ ಎಂದು ಲಿನಕ್ಸ್‌ನಿಂದ ರೀನೇಮ್ ಮಾಡಲು ಹೋಗಬೇಡಿ.

ಮತ್ತೆ, ಲಿಬ್ರೆಆಫೀಸ್‌ನಲ್ಲಿ ತೆರೆಯುವಾಗ ಬೇರೆಯವರು ಬಳಸುತ್ತಿದ್ದಾರೆ ಎಂದು ಬಂದು, ಅಂಗಡಿಯಲ್ಲಿ ಯಾರೂ ಅದನ್ನು ತೆರೆದಿಲ್ಲ ಎಂದಾದರೆ ಅದು ನೆಟ್‌ವರ್ಕ್ ತೊಂದರೆ ಅಲ್ಲ. ಕೆಲಸದ ಮಧ್ಯೆ ಕರೆಂಟ್ ಹೋದಾಗ ಲಾಕ್ ಫೈಲ್ ಅಲ್ಲೇ ಉಳಿದಿರುತ್ತದೆ. ಎಲ್ಲರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ. ಆಮೇಲೆ ಕಂಟ್ರೋಲ್ ಮತ್ತು ಎಚ್ ಒತ್ತಿ. ಚುಕ್ಕಿಯಿಂದ ಶುರುವಾಗಿ ಲಾಕ್ ಎಂದು ಹೆಸರಿರುವ ಫೈಲ್ ಕಾಣುತ್ತದೆ. ನಿಮ್ಮ ಡಾಕ್ಯುಮೆಂಟಿನ ಹೆಸರು ಅದರಲ್ಲೇ ಇರುತ್ತದೆ, ಅದನ್ನು ಮಾತ್ರ ಅಳಿಸಿ.