ಯಕ್ಷಗಾನ ವೀಡಿಯೊಗಳ ಪ್ಲೇಲಿಸ್ಟ್: ಕ್ರಮ ಕೆಟ್ಟಿದೆ, ಕೆಲವು ಕಾಣೆಯಾಗಿವೆ, ಮಕ್ಕಳಿಗೆ ಹಂಚುವುದು ಹೇಗೆ?

ಪ್ರಶ್ನೆ: ಬ್ರಹ್ಮಾವರದ ಟೀಚರ್

ನಾನು ಬ್ರಹ್ಮಾವರದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮಲ್ಲಿ ವಾರಕ್ಕೆ ಎರಡು ಸಂಜೆ ಯಕ್ಷಗಾನದ ತರಗತಿ ನಡೆಯುತ್ತದೆ. ಗುರುಗಳು ಬಂದು ತಾಳ, ಹೆಜ್ಜೆ, ಮಾತು ಹೇಳಿಕೊಟ್ಟು ಹೋದ ಮೇಲೆ ಮಕ್ಕಳು ಮನೆಯಲ್ಲಿಯೂ ನೋಡಿ ಅಭ್ಯಾಸ ಮಾಡಲಿ ಎಂದು 2018ರಿಂದ ಯೂಟ್ಯೂಬಿನಲ್ಲಿ ಸಿಕ್ಕ ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿಯ) ಆಟಗಳನ್ನು, ಅಂದರೆ ಪ್ರದರ್ಶನಗಳನ್ನು, ಒಂದೇ ಪ್ಲೇಲಿಸ್ಟಿಗೆ ಸೇರಿಸುತ್ತ ಬಂದಿದ್ದೇನೆ. ಈಗ ಅದರಲ್ಲಿ 140ರಷ್ಟು ವೀಡಿಯೊಗಳಿವೆ. ಈ ವರ್ಷ ಮಕ್ಕಳು ಅಭಿಮನ್ಯು ಕಾಳಗವೆಂಬ ಪ್ರಸಂಗವನ್ನು (ಆಟದ ಕಥೆಯನ್ನು) ಆಡುವವರಿದ್ದಾರೆ. ಆದ್ದರಿಂದ ಪಟ್ಟಿಯನ್ನು ಒಮ್ಮೆ ಸರಿಪಡಿಸಲು ಕುಳಿತೆ. ಕುಳಿತ ಮೇಲೆ ತಿಳಿಯಿತು, ನನಗೆ ಗೊತ್ತಿಲ್ಲದ್ದೇ ಹೆಚ್ಚು.

ಮೊದಲನೆಯದಾಗಿ, ವೀಡಿಯೊಗಳು ನಾನು ಸೇರಿಸಿದ ದಿನದ ಪ್ರಕಾರ ನಿಂತಿವೆ. ಚಕ್ರವ್ಯೂಹದ ಭಾಗ ಮೇಲೆ, ಸುಭದ್ರೆಯಿಂದ ಅಪ್ಪಣೆ ಪಡೆಯುವ ಭಾಗ ಎಲ್ಲಿಯೋ ಕೆಳಗೆ. ಮಕ್ಕಳಿಗೆ ಕಥೆಯ ನಡೆಯಲ್ಲಿ ಸಿಗಬೇಕಾದರೆ ಒಂದೊಂದನ್ನೇ ಎಳೆದು ಕೂರಿಸದೆ ಬೇರೆ ದಾರಿ ಇದೆಯೇ? ಎರಡನೆಯದಾಗಿ, ಪೋಷಕರ ವಾಟ್ಸಾಪ್ ಗುಂಪಿಗೆ ಕಳುಹಿಸಿದರೆ ಕೆಲವರಿಗೆ ಇಡೀ ಪಟ್ಟಿ ತೆರೆಯುತ್ತದೆ, ಕೆಲವು ಸಲ ಒಂದೇ ವೀಡಿಯೊ ತೆರೆಯುತ್ತದೆ. ಮೂರನೆಯದಾಗಿ, ಪಟ್ಟಿಗೆ ಸೇರಿಸುವ ಕೆಲಸವನ್ನು ಗುರುಗಳಿಗೂ ಇನ್ನೊಬ್ಬ ಸಹೋದ್ಯೋಗಿಗೂ ಹಂಚಿಕೊಡಬೇಕೆಂದಿದ್ದೇನೆ. ಅದಕ್ಕಾಗಿ ನನ್ನ ಪಾಸ್‌ವರ್ಡ್ ಕೊಡಬೇಕಾಗುತ್ತದೆಯೇ? ಕೊನೆಯದು ನನಗೆ ನಿಜವಾಗಿ ಬೇಸರ ತಂದದ್ದು. ಹಳೆಯ ಬಯಲಾಟವೊಂದರ ಸೊಗಸಾದ ಒಡ್ಡೋಲಗ (ವೇಷಗಳು ಮೊದಲು ರಂಗಕ್ಕೆ ಬರುವ ಭಾಗ) ನನ್ನ ಪಟ್ಟಿಯಲ್ಲಿತ್ತು. ಈಗ ಅದು ಇಲ್ಲ. ಅದೊಂದೇ ಅಲ್ಲ, ಇನ್ನೂ ಕೆಲವು ಹೋಗಿರುವಂತಿದೆ. ನಾನಂತೂ ಯಾವುದನ್ನೂ ತೆಗೆದಿಲ್ಲ.

ಉತ್ತರ 1: ಕೊಟ್ಟಾರದ ಕಂಪ್ಯೂಟರಿನವ

ಟೀಚರ್, ನೀವು ಪಾಸ್‌ವರ್ಡನ್ನು ಯಾರಿಗೂ ಕೊಡಬೇಡಿ. ಪ್ಲೇಲಿಸ್ಟಿನ ಪುಟದಲ್ಲಿ ಸಹಯೋಗಕ್ಕೆಂದೇ ಒಂದು ಆಯ್ಕೆ ಇದೆ. ಅದನ್ನು ತೆರೆದರೆ ಬೇರೊಂದು ಲಿಂಕ್ ಸಿಗುತ್ತದೆ, ಆ ಲಿಂಕನ್ನು ತೆರೆದವರು ತಮ್ಮ ಖಾತೆಯಿಂದಲೇ ನಿಮ್ಮ ಪಟ್ಟಿಗೆ ವೀಡಿಯೊ ಸೇರಿಸಬಹುದು. ಆದರೆ ಆ ಲಿಂಕ್ ಯಾರ ಕೈಗೆ ಸಿಕ್ಕಿದರೂ ಅವರೂ ಸೇರಿಸಬಲ್ಲರು. ಆದ್ದರಿಂದ ಅದನ್ನು ಗುಂಪಿಗೆ ಹಾಕದೆ ಇಬ್ಬರಿಗೆ ಮಾತ್ರ ಕಳುಹಿಸಿ, ಅವರು ಸೇರಿಕೊಂಡ ಕೂಡಲೇ ಹೊಸಬರು ಸೇರುವುದನ್ನು ಅಲ್ಲಿಯೇ ನಿಲ್ಲಿಸಿಬಿಡಿ. ಪೋಷಕರಿಗೆ ಕಳುಹಿಸುವುದು ನೋಡುವ ಲಿಂಕ್, ಗುರುಗಳಿಗೆ ಕಳುಹಿಸುವುದು ಸೇರಿಸುವ ಲಿಂಕ್; ಇವೆರಡು ಅದಲು ಬದಲಾದರೆ ಒಂದು ವಾರದಲ್ಲಿ ನಿಮ್ಮ ಅಭಿಮನ್ಯುವಿನ ಪಕ್ಕದಲ್ಲಿ ಮದುವೆ ಮನೆಯ ಡ್ಯಾನ್ಸ್ ಬಂದು ಕುಳಿತಿರುತ್ತದೆ.

ಒಂದೇ ವೀಡಿಯೊ ತೆರೆಯುವುದಕ್ಕೆ ಕಾರಣ, ನೀವು ವೀಡಿಯೊ ಓಡುತ್ತಿರುವಾಗ ಅದರ ಕೆಳಗಿರುವ ಶೇರ್ ಗುಂಡಿಯನ್ನು ಒತ್ತಿರುವುದು. ಅದು ಆ ವೀಡಿಯೊದ ಲಿಂಕ್. ಪಟ್ಟಿಯ ವಿಳಾಸ ಅದರಲ್ಲಿ ಇರುತ್ತದೆಂಬ ಭರವಸೆಯಿಲ್ಲ. ಲೈಬ್ರರಿಯಿಂದ ಪ್ಲೇಲಿಸ್ಟನ್ನು ತೆರೆದು, ಯಾವ ವೀಡಿಯೊವನ್ನೂ ಓಡಿಸದೆ, ಪಟ್ಟಿಯ ಹೆಸರಿನ ಬಳಿ ಇರುವ ಶೇರ್ ಗುಂಡಿಯನ್ನೇ ಒತ್ತಿ. ಪಟ್ಟಿಯನ್ನು ಅನ್‌ಲಿಸ್ಟೆಡ್ ಎಂದು ಇಟ್ಟರೆ ಸಾಕು. ಲಿಂಕ್ ಇದ್ದವರು ನೋಡಬಹುದು, ಹುಡುಕಾಟದಲ್ಲಿ ಸಿಗುವುದಿಲ್ಲ. ಪ್ರೈವೇಟ್ ಎಂದು ಇಟ್ಟರೆ ನಿಮಗೊಬ್ಬರಿಗೇ ಕಾಣಿಸುತ್ತದೆ. ‘ಆಮೇಲೆ ನೋಡು’ ಎಂಬ ಪಟ್ಟಿ ಯಾವಾಗಲೂ ಪ್ರೈವೇಟ್ ಆಗಿಯೇ ಇರುವುದರಿಂದ ಅದರಲ್ಲಿ ಕೂಡಿಸಿಟ್ಟು ಹಂಚಲು ಹೊರಟರೆ ಶ್ರಮ ವ್ಯರ್ಥ.

ಕ್ರಮದ ವಿಷಯಕ್ಕೆ ಬಂದರೆ, ಕಥೆಯ ನಡೆ ಯಂತ್ರಕ್ಕೆ ತಿಳಿಯದು. ಸೇರಿಸಿದ ದಿನ, ಪ್ರಕಟವಾದ ದಿನ, ಜನಪ್ರಿಯತೆ ಇವುಗಳ ಪ್ರಕಾರ ಜೋಡಿಸಿಕೊಡುತ್ತದೆ, ಉಳಿದದ್ದು ಕೈಕೆಲಸ. ಆದರೂ 140 ವೀಡಿಯೊಗಳನ್ನು ಬೆರಳಿನಿಂದ ಎಳೆಯುವ ಅಗತ್ಯವಿಲ್ಲ. ಕಾಗದದ ಮೇಲೆ ನಿಮಗೆ ಬೇಕಾದ ಕ್ರಮವನ್ನು ಬರೆದುಕೊಂಡು, ಕೊನೆಯ ವೀಡಿಯೊದಿಂದ ಆರಂಭಿಸಿ, ಕಂಪ್ಯೂಟರಿನಲ್ಲಿ ಪ್ರತಿಯೊಂದರ ಮೂರು ಚುಕ್ಕಿಗಳ ಮೆನುವಿನಲ್ಲಿರುವ ‘ಎಲ್ಲಕ್ಕಿಂತ ಮೇಲಕ್ಕೆ’ ಎಂಬ ಆಯ್ಕೆಯನ್ನು ಒತ್ತುತ್ತ ಬನ್ನಿ. ಹಿಂದಿನಿಂದ ಮುಂದಕ್ಕೆ ಬರುತ್ತ ಮೊದಲನೆಯದನ್ನು ಒತ್ತಿ ಮುಗಿಸುವಾಗ ಪಟ್ಟಿ ತಾನಾಗಿ ಸರಿಯಾಗಿರುತ್ತದೆ. ಒಂದು ಪ್ಲೇಲಿಸ್ಟಿನಲ್ಲಿ 5000 ವೀಡಿಯೊಗಳವರೆಗೆ ಹಿಡಿಸುತ್ತವೆಂಬುದು ನಿಜವಾದರೂ, ಮಕ್ಕಳಿಗಾಗಿ ಮಾಡುವುದಾದರೆ ಪ್ರಸಂಗಕ್ಕೊಂದು ಪಟ್ಟಿ, ಅದರಲ್ಲಿ ಹತ್ತು ಹನ್ನೆರಡು ವೀಡಿಯೊ ಮೀರದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಉಳಿದವು ನಿಮ್ಮ ಸ್ವಂತದ ಸಂಗ್ರಹವಾಗಿ ಬೇರೆಯೇ ಇರಲಿ.

ಬ್ರಹ್ಮಾವರದ ಟೀಚರ್

ತುಂಬ ಉಪಕಾರವಾಯಿತು. ಹಂಚುವ ತೊಡಕು ಈಗಲೇ ಬಗೆಹರಿಯಿತು. ಇನ್ನೊಂದು ಮಾತು: ಕೆಲವು ವೀಡಿಯೊಗಳು ಇಡೀ ರಾತ್ರಿಯವು. ಅವುಗಳಲ್ಲಿ ನಮಗೆ ಬೇಕಾದ ಇಪ್ಪತ್ತು ನಿಮಿಷ ಎರಡೂ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಬರುತ್ತದೆ. ಪ್ಲೇಲಿಸ್ಟಿನೊಳಗೆ ಅಲ್ಲಿಂದಲೇ ಆರಂಭವಾಗುವಂತೆ ಇಡಬಹುದೇ?

ಉತ್ತರ 1: ಕೊಟ್ಟಾರದ ಕಂಪ್ಯೂಟರಿನವ

ಪ್ಲೇಲಿಸ್ಟಿನೊಳಗೆ ಸಾಧ್ಯವಿಲ್ಲ. ಬಿಡಿ ಲಿಂಕಿನಲ್ಲಿ ಸಾಧ್ಯ: ಶೇರ್ ಒತ್ತಿದಾಗ ಕಾಣಿಸುವ ‘ಇಲ್ಲಿಂದ ಆರಂಭಿಸು’ ಎಂಬ ಚೌಕಕ್ಕೆ ಗುರುತು ಹಾಕಿದರೆ ಲಿಂಕಿನ ಬಾಲದಲ್ಲಿ ಸೆಕೆಂಡುಗಳ ಲೆಕ್ಕ ಸೇರಿಕೊಳ್ಳುತ್ತದೆ, 2 ಗಂಟೆ 40 ನಿಮಿಷವಾದರೆ 9600. ಅಂತಹ ಲಿಂಕುಗಳನ್ನು ಒಂದು ಗೂಗಲ್ ಡಾಕ್‌ನಲ್ಲಿ ಸಾಲಾಗಿ ಬರೆದಿಟ್ಟು, ಆ ಡಾಕ್‌ನ ಲಿಂಕನ್ನು ಪ್ಲೇಲಿಸ್ಟಿನ ವಿವರಣೆಯಲ್ಲಿ ಹಾಕಿ.

ಉತ್ತರ 2: ಕಿನ್ನಿಗೋಳಿಯ ಹಳೆಯ ಕ್ಯಾಮೆರಾ

ನಾನು ಬಹಳ ವರ್ಷ ಮದುವೆ, ಭೂತಕೋಲ, ಆಟಗಳ ವೀಡಿಯೊ ಮಾಡಿದವನು. ನಮ್ಮ ಕಡೆಯದು ದಕ್ಷಿಣದ ಶೈಲಿಯಾದ ತೆಂಕುತಿಟ್ಟಾದರೂ ಕಾಣೆಯಾಗುವ ಕಥೆ ಎರಡು ತಿಟ್ಟಿಗೂ ಒಂದೇ, ಆದ್ದರಿಂದ ಬರೆಯುತ್ತಿದ್ದೇನೆ.

ಹರಕೆಯ ಆಟ ಎಂದರೆ ಮನೆಯವರ ಕಾರ್ಯಕ್ರಮ. ಮುಂಬಯಿಯಲ್ಲಿಯೂ ಗಲ್ಫಿನಲ್ಲಿಯೂ ಇರುವ ಬಂಧುಗಳು ನೋಡಲೆಂದು ಮನೆಯವರು ವೀಡಿಯೊ ಮಾಡಿಸುತ್ತಿದ್ದರು. ಊರೆಲ್ಲ ನೋಡುವುದು ಬೇಡವೆಂದು ಅದನ್ನು ಯೂಟ್ಯೂಬಿಗೆ ಅನ್‌ಲಿಸ್ಟೆಡ್ ಆಗಿ ಹಾಕಿಸುತ್ತಿದ್ದರು. ಆ ಲಿಂಕು ಕೈಯಿಂದ ಕೈಗೆ ಹೋಗಿ ನಿಮ್ಮಂತಹ ಆಸಕ್ತರ ಪಟ್ಟಿಗಳನ್ನು ಸೇರಿತು. 2021ರ ಜುಲೈ 23ರಂದು ಯೂಟ್ಯೂಬ್, 2017ಕ್ಕಿಂತ ಹಿಂದೆ ಏರಿಸಿದ್ದ ಅನ್‌ಲಿಸ್ಟೆಡ್ ವೀಡಿಯೊಗಳನ್ನೆಲ್ಲ ಭದ್ರತೆಯ ಕಾರಣದಿಂದ ಪ್ರೈವೇಟ್ ಮಾಡಿತು. ಬೇಡವೆಂದು ಮೊದಲೇ ತಿಳಿಸಿದ ಖಾತೆಗಳಿಗೆ ಮಾತ್ರ ವಿನಾಯಿತಿ ಇತ್ತು. ತಿಳಿಸಬೇಕಾದ ಇಮೇಲನ್ನು ಓದುವವರು ಯಾರು? ಎಷ್ಟೋ ಖಾತೆಗಳನ್ನು ತೆರೆದವರು ಆ ಹೊತ್ತಿಗೆ ಪಾಸ್‌ವರ್ಡನ್ನೇ ಮರೆತಿದ್ದರು. ನಾನೇ ಏರಿಸಿದ್ದ ಒಂದು ಡಜನ್ ಆಟಗಳು ಹಾಗೆ ಮುಚ್ಚಿಹೋದವು. ಎರಡು ವರ್ಷದ ಅನಂತರ ಒಬ್ಬರು ಫೋನ್ ಮಾಡಿ ಬೈದಾಗ ನನಗೆ ಗೊತ್ತಾಯಿತು. ನಿಮ್ಮ ಒಡ್ಡೋಲಗ 2016 ಅಥವಾ ಅದಕ್ಕಿಂತ ಹಿಂದಿನ ಆಟದ್ದಾಗಿದ್ದರೆ ಹೀಗೇ ಆಗಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ವೀಡಿಯೊ ಅಳಿದಿಲ್ಲ, ಬಾಗಿಲು ಹಾಕಿಕೊಂಡಿದೆ ಅಷ್ಟೆ. ಏರಿಸಿದವರು ಒಳಗೆ ಹೋಗಿ ಮತ್ತೆ ತೆರೆಯಬಹುದು.

ಯಾವುದು ಹೋಗಿದೆಯೆಂದು ಪತ್ತೆ ಮಾಡಲು ಒಂದು ಉಪಾಯವಿದೆ. ಕಂಪ್ಯೂಟರಿನಲ್ಲಿ ನಿಮ್ಮ ಪಟ್ಟಿಯನ್ನು ತೆರೆದು, ಮೂರು ಚುಕ್ಕಿಗಳ ಮೆನುವಿನಲ್ಲಿ ಲಭ್ಯವಿಲ್ಲದ ವೀಡಿಯೊಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿ. ಹೆಸರು ಕಾಣಿಸುವುದಿಲ್ಲ, ಪ್ರೈವೇಟ್ ಅಥವಾ ಅಳಿಸಿದ ವೀಡಿಯೊ ಎಂದಷ್ಟೇ ಇರುತ್ತದೆ. ಆದರೆ ಅದರ ಲಿಂಕಿನಲ್ಲಿ 11 ಅಕ್ಷರಗಳ ಒಂದು ಗುರುತು ಉಳಿದಿರುತ್ತದೆ. ಆ ಗುರುತನ್ನು ನಿಮ್ಮ ಹಳೆಯ ವಾಟ್ಸಾಪ್ ಮಾತುಕತೆಗಳಲ್ಲಿ ಹುಡುಕಿ. ಯಾರು, ಯಾವಾಗ, ಏನೆಂದು ಹೇಳಿ ಕಳುಹಿಸಿದ್ದರೆಂದು ಸಿಕ್ಕಿದರೆ ಅರ್ಧ ಕೆಲಸ ಆದಂತೆ. ಸಾರ್ವಜನಿಕ ವೀಡಿಯೊ ಆಗಿದ್ದರೆ ಇಂಟರ್‌ನೆಟ್ ಆರ್ಕೈವಿನ ಹಳೆಯ ಜಾಲಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮೆಷಿನ್ನಿನಲ್ಲಿ ಆ ಹಳೆಯ ಲಿಂಕನ್ನು ಹಾಕಿ ನೋಡಿ, ಕೆಲವೊಮ್ಮೆ ಶೀರ್ಷಿಕೆಯಾದರೂ ಸಿಗುತ್ತದೆ.

ಇನ್ನು, ಅನ್‌ಲಿಸ್ಟೆಡ್ ವೀಡಿಯೊವನ್ನು ನೀವು ಪಬ್ಲಿಕ್ ಪಟ್ಟಿಗೆ ಸೇರಿಸಿದರೆ ಆ ಪಟ್ಟಿಯನ್ನು ನೋಡುವವರಿಗೆಲ್ಲ ಅದು ಕಾಣಿಸುತ್ತದೆ. ಮನೆಯವರು ಬೇಡವೆಂದು ಮುಚ್ಚಿಟ್ಟದ್ದನ್ನು ನಾವು ಗೊತ್ತಿಲ್ಲದೆ ಬೀದಿಗೆ ತಂದ ಹಾಗಾಗುತ್ತದೆ. ನಿಮ್ಮ ಪಟ್ಟಿಯೂ ಅನ್‌ಲಿಸ್ಟೆಡ್ ಆಗಿಯೇ ಇರಲಿ ಎಂದು ಮೇಲಿನವರು ಹೇಳಿದ್ದಕ್ಕೆ ಇದೂ ಒಂದು ಕಾರಣ ಎಂದು ತಿಳಿಯಿರಿ.

ಉತ್ತರ 3: ಕುಂಜಿಬೆಟ್ಟಿನ ಓದುಗ

ಇಷ್ಟೆಲ್ಲ ಮಾಡುವುದಕ್ಕಿಂತ ಬೇಕಾದ ವೀಡಿಯೊಗಳನ್ನು ಇಳಿಸಿಕೊಂಡು ಇಂಟರ್‌ನೆಟ್ ಆರ್ಕೈವಿನಲ್ಲಿ ಒಂದೇ ಪುಟಕ್ಕೆ ಏರಿಸಿಬಿಡಬಾರದೇಕೆ? ಅಲ್ಲಿ ಒಂದೇ ಪುಟದಲ್ಲಿ ಹಲವು ಕಡತಗಳನ್ನು ಇಡಬಹುದು; ಹೆಸರಿನ ಮುಂದೆ 01, 02 ಎಂದು ಹಾಕಿದರೆ ಕ್ರಮವಾಗಿ ಓಡುತ್ತವೆ. ಜಾಹೀರಾತಿನ ಕಾಟವೂ ಇಲ್ಲ. ಮಕ್ಕಳು ಪೆನ್‌ಡ್ರೈವಿಗೆ ಹಾಕಿಕೊಂಡು ನೆಟ್ ಇಲ್ಲದ ಕಡೆಯೂ ನೋಡಬಹುದು.

ಉತ್ತರ 2: ಕಿನ್ನಿಗೋಳಿಯ ಹಳೆಯ ಕ್ಯಾಮೆರಾ

ತಾವು ಹೇಳಿದ ಜಾಗ ಒಳ್ಳೆಯದೇ, ಆದರೆ ಹೇಳಿದ ಕೆಲಸವನ್ನು ನಾನು ಒಪ್ಪಲಾರೆ. ಪ್ಲೇಲಿಸ್ಟ್ ಎಂಬುದು ದಾರಿ ತೋರಿಸುವ ಬೋರ್ಡ್ ಇದ್ದ ಹಾಗೆ. ಬೇರೆಯವರ ವೀಡಿಯೊ ಅವರ ಅಂಗಳದಲ್ಲಿಯೇ ಇರುತ್ತದೆ, ನೋಡಿದವರ ಲೆಕ್ಕವೂ ಆದಾಯವೂ ಅವರಿಗೇ ಸೇರುತ್ತದೆ. ಇಳಿಸಿ ಇನ್ನೊಂದು ಕಡೆ ಏರಿಸಿದರೆ ಅದು ನಕಲು. ವೀಡಿಯೊ ಮಾಡಿದವರ ಹಕ್ಕು ಒಂದು ಕಡೆಗಿರಲಿ, 1957ರ ಕೃತಿಸ್ವಾಮ್ಯ ಕಾಯ್ದೆಯ 38ನೆಯ ವಿಧಿಯ ಪ್ರಕಾರ ಪ್ರದರ್ಶಕರಿಗೂ 50 ವರ್ಷಗಳ ಹಕ್ಕಿದೆ. ಹಾಡುವ ಭಾಗವತರೂ ವೇಷಧಾರಿಗಳೂ ಅದರೊಳಗೆ ಬರುತ್ತಾರೆ. ಪ್ರಸಂಗ ಹಳೆಯದು, ಯಾರದ್ದೂ ಅಲ್ಲ ಎಂಬ ಮಾತು ಆ ರಾತ್ರಿಯ ಹಾಡಿಗೂ ಅರ್ಥಗಾರಿಕೆಗೂ (ವೇಷಧಾರಿಗಳು ಆಡುವ ಮಾತಿಗೂ) ಅನ್ವಯಿಸುವುದಿಲ್ಲ. ಶಾಲೆಯವರೇ ತೆಗೆದ, ಮೇಳದವರೂ (ಆಟದ ತಂಡದವರೂ) ಮಕ್ಕಳ ಪೋಷಕರೂ ಒಪ್ಪಿದ ವೀಡಿಯೊ ಆಗಿದ್ದರೆ ಧಾರಾಳವಾಗಿ ಅಲ್ಲಿ ಏರಿಸಿ.

ಉತ್ತರ 3: ಕುಂಜಿಬೆಟ್ಟಿನ ಓದುಗ

ಒಪ್ಪಿದೆ. ನಾನು ನಮ್ಮ ಮನೆಯ ಕ್ಯಾಸೆಟ್ಟುಗಳನ್ನು ಮನಸ್ಸಿನಲ್ಲಿಟ್ಟು ಬರೆದುಬಿಟ್ಟೆ. ಹಳೆಯ ಆಟಗಳನ್ನು ಅಧ್ಯಯನಕ್ಕಾಗಿ ನೋಡಬೇಕೆಂದಿದ್ದರೆ ನಮ್ಮ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರದಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೆಯದು, ಟೀಚರ್.

ಉತ್ತರ 1: ಕೊಟ್ಟಾರದ ಕಂಪ್ಯೂಟರಿನವ

ನನ್ನದೊಂದು ಬಿಟ್ಟುಹೋದ ಮಾತು. ಪಟ್ಟಿ ಯಾರ ಖಾತೆಯಲ್ಲಿದೆ? ನಿಮ್ಮ ಸ್ವಂತ ಖಾತೆಯಲ್ಲಿದ್ದು ನಾಳೆ ನಿಮಗೆ ಕಾರ್ಕಳಕ್ಕೋ ಬೈಂದೂರಿಗೋ ವರ್ಗವಾದರೆ ಶಾಲೆಗೆ ಪಟ್ಟಿ ಉಳಿಯುವುದಿಲ್ಲ. ಶಾಲೆಯ ಹೆಸರಿನಲ್ಲಿ ಒಂದು ಚಾನೆಲ್ ತೆರೆದು, ಅದಕ್ಕೆ ಇಬ್ಬರು ಮೂವರನ್ನು ನಿರ್ವಾಹಕರನ್ನಾಗಿ ಮಾಡಿ, ಪಟ್ಟಿಗಳನ್ನು ಅಲ್ಲಿಯೇ ಕಟ್ಟಿ. ತೆರೆದ ಮೇಲೆ ಬಳಸುತ್ತಿರಬೇಕು, ಏಕೆಂದರೆ 2 ವರ್ಷ ಯಾರೂ ಮುಟ್ಟದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದೆಂಬ ನಿಯಮ 2023ರಿಂದ ಇದೆ. ಖಾತೆಯ ಮಾಹಿತಿಯನ್ನು ಇಳಿಸಿಕೊಡುವ ಗೂಗಲ್ ಟೇಕೌಟ್‌ನಿಂದ ಪ್ಲೇಲಿಸ್ಟಿನ ಪ್ರತಿಯನ್ನು ಇಳಿಸಿಕೊಳ್ಳಬಹುದು, ಆದರೆ ಅದರಲ್ಲಿ ವೀಡಿಯೊಗಳ ಗುರುತು ಮತ್ತು ಸೇರಿಸಿದ ದಿನ ಮಾತ್ರ ಇರುತ್ತದೆ, ಹೆಸರು ಇರುವುದಿಲ್ಲ. ಆದ್ದರಿಂದ ನಿಮ್ಮ ಡಾಕ್‌ನಲ್ಲಿ ಲಿಂಕಿನ ಜೊತೆಗೆ ಪ್ರಸಂಗ, ಮೇಳ, ಆಟವಾದ ಊರು, ದಿನಾಂಕ, ಭಾಗವತರು ಯಾರು, ವೇಷ ಯಾರದು, ಏರಿಸಿದ ಚಾನೆಲ್ ಯಾವುದು ಎಂಬುದನ್ನು ಕೈಯಾರೆ ಬರೆದಿಡಿ. ವೀಡಿಯೊ ಹೋದರೂ ಯಾರನ್ನು ಕೇಳಬೇಕೆಂದು ಅದರಿಂದ ತಿಳಿಯುತ್ತದೆ.

ಬ್ರಹ್ಮಾವರದ ಟೀಚರ್

ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ಕಂಪ್ಯೂಟರಿನಲ್ಲಿ ನೋಡಿದೆ: ಕಾಣೆಯಾದವು 18. ಅವುಗಳಲ್ಲಿ ಐದರ ಗುರುತು ಹಳೆಯ ವಾಟ್ಸಾಪಿನಲ್ಲಿ ಸಿಕ್ಕಿತು, ಒಡ್ಡೋಲಗದ್ದೂ ಸೇರಿ. ಅದನ್ನು ಕಳುಹಿಸಿದ್ದವರು ನಮ್ಮದೇ ಹಳೆಯ ವಿದ್ಯಾರ್ಥಿಯ ತಂದೆ. ಅವರ ಮನೆಯ ಹರಕೆಯ ಆಟವಂತೆ, 2015ರದ್ದು. ಖಾತೆ ಅವರ ತಮ್ಮನ ಹೆಸರಿನಲ್ಲಿದೆ, ತಮ್ಮ ಮಸ್ಕತ್ತಿನಲ್ಲಿದ್ದಾರೆ. ಕೇಳಿ ಹೇಳುತ್ತೇನೆ ಎಂದಿದ್ದಾರೆ. ಅಷ್ಟರವರೆಗೆ ಅಭಿಮನ್ಯು ಕಾಳಗಕ್ಕೆ ಹನ್ನೊಂದು ವೀಡಿಯೊಗಳ ಹೊಸ ಪಟ್ಟಿ ಮಾಡಿದ್ದೇನೆ. ಕೊನೆಯದರಿಂದ ಮೇಲಕ್ಕೆ ಒತ್ತುತ್ತ ಬಂದದ್ದು ಐದು ನಿಮಿಷದ ಕೆಲಸವಾಯಿತು. ಗುರುಗಳು ಸೇರಿಕೊಂಡ ಮೇಲೆ ಸೇರಿಸುವ ಲಿಂಕನ್ನು ಮುಚ್ಚಿದ್ದೇನೆ. ಅವರು ಸೇರಿಸಿದ ಮೊದಲ ವೀಡಿಯೊ ತೆಂಕುತಿಟ್ಟಿನದ್ದು. ಅದರ ಬಗ್ಗೆ ಶನಿವಾರ ತರಗತಿಯಲ್ಲಿ ಅವರನ್ನೇ ಕೇಳಬೇಕು.