ಬೇಸಿಗೆಯಲ್ಲಿ ಮಲೇರಿಯಾ ಸೊಳ್ಳೆ ಎಲ್ಲಿರುತ್ತೆ? ಕೀಟತಜ್ಞೆಗೆ ಕೇಳಿ

ವನಜಾ: ಮೇಡಂ, ನನ್ನ ತಮ್ಮ ಮಾಲಿ ದೇಶದ ಬಮಾಕೊದಲ್ಲಿ ಕೆಲಸಕ್ಕಿದ್ದಾನೆ. ನವೆಂಬರ್‌ನಿಂದ ಹನಿ ಮಳೆಯಿಲ್ಲ, ಸೊಳ್ಳೆಯೂ ಕಾಣಲ್ಲ ಅಂತ ಮಲೇರಿಯಾ ಮಾತ್ರೆ ಬಿಟ್ಟಿದ್ದಾನೆ. ಪರವಾಗಿಲ್ವಾ?

ಕೀಟತಜ್ಞೆ: ಇಲ್ಲ. ಇವತ್ತೇ ಫೋನ್ ಮಾಡಿ, ಡಾಕ್ಟರನ್ನು ಕೇಳದೆ ಬಿಡಬಾರದು. ಬಮಾಕೊ ನೈಜರ್ ನದಿ ದಂಡೆಯ ಊರು, ನೀರು ಪೂರ್ತಿ ಬತ್ತುವುದೇ ಇಲ್ಲ. ಬತ್ತುವ ಕಡೆ ಇನ್ನೂ ವಿಚಿತ್ರ. ಅದೇ ದೇಶದ ತಿಯೆರೋಲಾ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಒಂದು ಗುಂಡಿಯಲ್ಲೂ ನೀರಿರಲ್ಲ. ಮೊದಲ ಮಳೆಯಾಗಿ ವಾರ ತುಂಬುವ ಮೊದಲೇ ಮನೆಯೊಳಗೆ ಬಲಿತ ಸೊಳ್ಳೆ! ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ವಾರದ ಮೇಲಾದರೂ ಬೇಕಲ್ಲ? 2008ರ ಮಳೆಗಾಲ ಮುಗಿಯುವಾಗ ಸಂಶೋಧಕರು ಅಲ್ಲಿ ಸುಮಾರು 6,800 ಸೊಳ್ಳೆಗೆ ಗುರುತು ಹಾಕಿ ಬಿಟ್ಟರು. ಏಳು ತಿಂಗಳ ಮೇಲೆ ಅದರಲ್ಲೊಂದು ಹೆಣ್ಣು ಸಿಕ್ಕಿತು. ಮಳೆಗಾಲದಲ್ಲಿ ತಿಂಗಳು ಬದುಕಿದರೆ ದೊಡ್ಡದು! ಕೊಲುಜ್ಜಿ ಎಂಬ ಈ ಜಾತಿಯದು ಬೇಸಿಗೆ ನಿದ್ದೆ, ಅಂದರೆ ಮಳೆ ಬರುವವರೆಗೆ ಬಲಿತ ಸೊಳ್ಳೆಯೇ ಎಲ್ಲೋ ಅಡಗಿ ಸುಮ್ಮನಿರುತ್ತೆ. ಇನ್ನು ಕೆಲವು ಜಾತಿ ದೂರದಿಂದ ಗಾಳಿ ಹಿಡಿದು ಬರುತ್ತವೆ, ಬಲೂನಿಗೆ ಕಟ್ಟಿದ ಬಲೆಯಲ್ಲಿ 290 ಮೀಟರ್ ಎತ್ತರದಲ್ಲೂ ಸಿಕ್ಕಿವೆ. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ. ಮಾಲಿಯಲ್ಲಿ ಜಾಸ್ತಿ ಇರುವುದು ಫಾಲ್ಸಿಪ್ಯಾರಮ್ ಎಂಬ ಬಗೆಯ ಮಲೇರಿಯಾ, ಜೀವಕ್ಕೇ ಅಪಾಯ.

ರಮೇಶ: ಒಣಗಿದ ಮೊಟ್ಟೆಯೇ ಬದುಕಿರುತ್ತಂತಲ್ಲ?

ಕೀಟತಜ್ಞೆ: ಅದು ಡೆಂಗಿ ಹರಡುವ ಈಡಿಸ್ ಸೊಳ್ಳೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಮೊಟ್ಟೆ ಹಾಗೆ ತಿಂಗಳುಗಟ್ಟಲೆ ಒಣಗಿ ಉಳಿಯಲ್ಲ.

ಶೋಭಾ: ಪಪ್ಪಾಯಿ ಎಲೆ ರಸ ಮಲೇರಿಯಾಕ್ಕೂ ಆಗುತ್ತಾ? ವಾಟ್ಸಾಪಲ್ಲಿ ಬಂತು.

ಕೀಟತಜ್ಞೆ: ಇಲ್ಲ.

ಗಿರೀಶ: ಕರ್ಪೂರ ನೀರಲ್ಲಿ ಹಾಕಿಟ್ಟರೆ?

ಕೀಟತಜ್ಞೆ: ಈ ವಾರ ನಾಲ್ಕನೇ ಸಲ! ರಸ, ಕರ್ಪೂರ ಅಂತ ಎರಡು ದಿನ ಕಳೆದರೆ ಆ ಎರಡು ದಿನವೇ ಪ್ರಾಣಕ್ಕೆ ಬರುತ್ತೆ. ಬಂದದ್ದನ್ನೆಲ್ಲ ಮುಂದಕ್ಕೆ ಕಳಿಸಬೇಡಿ.

ಹರೀಶ್: ನಮ್ಮ ಮಂಗಳೂರಲ್ಲಿ ಬೇಸಿಗೆಯಲ್ಲೂ ಮಲೇರಿಯಾ ಉಂಟಲ್ಲ ಮಾರಾಯ್ರೇ?

ಕೀಟತಜ್ಞೆ: ಅಲ್ಲಿ ನಿದ್ದೆಯೇ ಬೇಡ. ಅಲ್ಲಿನ ಅನಾಫಿಲಿಸ್ ಜಾತಿ ಸ್ಟೆಫೆನ್ಸಿಗೆ ಮುಚ್ಚಳವಿಲ್ಲದ ಟ್ಯಾಂಕ್, ಕ್ಯೂರಿಂಗ್‌ಗೆ ಸ್ಲ್ಯಾಬ್ ಮೇಲೆ ನಿಲ್ಲಿಸಿದ ನೀರು ಸಾಕು. ಬಗ್ಗಿ ನೋಡಿ: ಮರಿಹುಳ ತಲೆಕೆಳಗಾಗಿ ತೂಗದೆ, ನೀರಿನ ಮೇಲೆ ಕಡ್ಡಿಯಂತೆ ಚಪ್ಪಟೆ ಮಲಗಿದ್ದರೆ ಅನಾಫಿಲಿಸ್.

ಹರೀಶ್: ಎಲ್ಲ ಬಿಲ್ಡರ್‌ಗಳ ಕೃಪೆ.

ಪ್ರಸಾದ್: ನಾನೂ ಕಂಟ್ರಾಕ್ಟರೇ. ನಿಮ್ಮ ಫ್ಲಾಟಿನ ಟ್ಯಾಂಕ್ ಹತ್ತಿ ನೋಡಿದ್ದೀರಾ?

ಹರೀಶ್: ಹತ್ತು ದಿನ ನೀರು ಹಾಗೇ ಬಿಡುವುದು ಯಾರು ಸ್ವಾಮೀ?

ಪ್ರಸಾದ್: ಸುಮ್ನೆ ಬಾಯಿಗೆ ಬಂದದ್ದು ಹೇಳಬೇಡಿ.

ಸವಿತಾ: ಬಸುರಿ ಇರುವ ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚಬಹುದಾ ಮೇಡಂ?

ಗಿರೀಶ: ಕರ್ಪೂರಕ್ಕೆ ಸರಿಯಾದ ಉತ್ತರ ಕೊಡಲಿಲ್ಲ.

ಕೀಟತಜ್ಞೆ: ಮೇಲೆ ಓದಿ. ವನಜಾ ಅವರೇ, ಫೋನ್ ಮಾಡಿದ್ರಾ?

ವನಜಾ: ಮಾಡಿದೆ. ನಿನ್ನೆಯಿಂದ ಮೈಕೈ ನೋವು, ಸ್ವಲ್ಪ ಚಳಿ ಅಂತಾನೆ. ಏಸಿ ಗಾಳಿಗೆ ಇರಬೇಕಂತೆ.

ಕೀಟತಜ್ಞೆ: ಏಸಿ ಅಲ್ಲ. ಈಗಲೇ ರಕ್ತ ಪರೀಕ್ಷೆಗೆ ಹೋಗಲಿ. ರಿಪೋರ್ಟ್ ಬಂದ ಕೂಡಲೇ ನನಗೆ ಹೇಳಿ.

ಹರೀಶ್: ಕಂಟ್ರಾಕ್ಟರ್ ಸಾಹೇಬ್ರು ಸ್ಲ್ಯಾಬಿನ ಫೋಟೊ ಹಾಕಲಿ ನೋಡುವ.